ಮುಳ್ಳು ನಿಂತ ಜಾಗ

ಗ್ರಾಮಫೋನಿನ ಮುಳ್ಳನ್ನು ತೂಗುವುದಕ್ಕೂ ಒಂದು ತಕ್ಕಡಿ ಇದೆ ಎಂಬುದು ನನಗೆ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಳಿಯ ಚಂದ್ರು ಅದನ್ನು ಜೇಬಿನಿಂದ ತೆಗೆದು ಟೀಪಾಯಿಯ ಮೇಲಿಟ್ಟಾಗ, ನನ್ನ ಮಗಳಿಗೆ ಓಲೆ ಮಾಡಿಸುತ್ತಾರೇನೋ, ಚಿನ್ನ ತೂಗಲು ತಂದಿದ್ದಾರೆ ಎಂದುಕೊಂಡೆ. ಅವರು ಸೀದಾ ಹೋಗಿ ನನ್ನ ಪ್ಲೇಯರಿನ ಕೈ ಎತ್ತಿ, ಅದರ ಮೂತಿಯನ್ನು ತಕ್ಕಡಿಯ ಮೇಲೆ ಮೆಲ್ಲಗೆ ಇಳಿಸಿ, ಅಂಕಿ ನೋಡಿ, ಹಣೆ ಚಚ್ಚಿಕೊಂಡರು.

“ಅತ್ತೆ, ಇದು ಪ್ಲೇಟ್ ಹಾಡ್ಸೋ ಮಿಷನ್ನಾ, ಹೊಲ ಉಳೋ ನೇಗಿಲಾ?”

ಆ ಕೈಯ ತಲೆಯ ಮೇಲೆ ನಾನು ಹಳೆಯ ನಾಲ್ಕಾಣೆಯೊಂದನ್ನು ಅಂಟಿಸಿದ್ದೆ. ಮುಳ್ಳು ಹಿಂದಕ್ಕೆ ಎಗರಿ ಒಂದೇ ಕಡೆ ಸುತ್ತದ ಹಾಗೆ. ಪ್ಲೇಯರ್ ಇದ್ದ ಮನೆಗಳಲ್ಲಿ ಎಷ್ಟೋ ಜನ ಇದನ್ನೇ ಮಾಡುತ್ತಿದ್ದರು. ಕೆಲವರು ಬಟನ್ ಇಡುತ್ತಿದ್ದರು, ನಾವು ದುಡ್ಡು ಇಟ್ಟೆವು, ಅಷ್ಟೇ ವ್ಯತ್ಯಾಸ.

“ಎಗರ್ತಿತ್ತು, ಇಟ್ಟೆ. ಇಷ್ಟು ವರ್ಷದಿಂದ ಹಾಡ್ತಾ ಇಲ್ವೇನ್ರಿ?”

“ಹಾಡ್ತಾ ಇಲ್ಲ ಅತ್ತೆ, ಕೆರೀತಾ ಇದೆ.”

ಅಳಿಯಂದಿರು ಎಂದ ಮೇಲೆ ಮರ್ಯಾದೆ ಕೊಡಬೇಕು, ಕೊಡುತ್ತೇನೆ. ಹಾಗೆಂದು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಿಲ್ಲ. ಆದರೆ ಈ ಚಂದ್ರು ಹಲ್ಲುಸೆಟ್ ಮಾಡುವವರು. ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲು ಕೂರಿಸಿ ಕೊಡುವವರು. ನನ್ನ ಬಾಯಿಯ ಮೇಲಿನ ಸಾಲು ಅವರದೇ ಕೆಲಸ. ಕೂದಲೆಳೆಯಷ್ಟು ಎತ್ತರವಾದರೂ ಉಜ್ಜಿ ಉಜ್ಜಿ ಸರಿಮಾಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಂಥವರ ಕೈಗೆ ಪ್ಲೇಯರ್ ಸಿಕ್ಕರೆ ಏನಾಗುತ್ತದೆ, ನೀವೇ ಊಹಿಸಿ.

ಮೊದಲು ಹೊಸ ಮುಳ್ಳು ಬಂತು. ಆಮೇಲೆ ಮುಳ್ಳು ಕೂರುವ ಮೂತಿ ಬಂತು. ಆಮೇಲೆ ಈ ಪ್ಲೇಯರಿನ ಕೈಯೇ ಸೊಟ್ಟ ಎಂದು ಇನ್ನೊಂದು ಪ್ಲೇಯರ್ ಬಂತು. ಹೊಸದಲ್ಲ, ಯಾರದೋ ಮನೆಯ ಹಳೆಯದು. ಆದರೆ ಅದರ ಕೈಯ ಹಿಂದುಗಡೆ ತಿರುಪುವ ಗುಂಡೊಂದಿತ್ತು. ಗುಂಡು ತಿರುಪಿದರೆ ಮುಳ್ಳಿನ ಭಾರ ಬೇಕಾದಷ್ಟು ಕಮ್ಮಿ ಜಾಸ್ತಿ ಮಾಡಬಹುದಂತೆ. ಅದರ ಹಿಂದೆಯೇ ಒಂದು ಆಂಪ್ಲಿಫಯರ್, ಎರಡು ಸ್ಪೀಕರ್. ಪೇಟೆ ಬೀದಿಗೆ ಹೋದವರು ಒಂದೊಂದೇ ಪಾತ್ರೆ ತರುವ ಹಾಗೆ ತಂದರು.

ಮಗಳು ಸುಮ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಬಟ್ಟೆ ಒಗೆಯೋ ಮಿಷನ್ ತನ್ನಿ ಅಂದಾಗ ಎರಡು ವರ್ಷ ಯೋಚ್ನೆ ಮಾಡಿದ್ರಿ. ಇದು ಮಾತ್ರ ಎರಡೇ ವಾರಕ್ಕೆ ಬಂತಲ್ಲ!”

“ಅತ್ತೆಗೋಸ್ಕರ ಕಣೇ.”

“ನನ್ನ ಹೆಸರು ಎತ್ಬೇಡಿ,” ಎಂದೆ. “ನನಗೆ ನಾಲ್ಕಾಣೆ ಇಟ್ಟೇ ಚೆನ್ನಾಗಿ ಕೇಳ್ತಿತ್ತು.”

ಮಗಳು ಅಳಿಯನ ಜೊತೆ ನಾನಿರುವುದು ಊರಂಚಿನ ಬೋಗಾದಿಯಲ್ಲಿ. ಇಲ್ಲಿ ಯಾರಾದರೂ ಮನೆ ಕಟ್ಟದ ದಿನವಿಲ್ಲ. ಎದುರಿಗೆ ಟೈಲ್ಸ್ ಕೊಯ್ಯುತ್ತಾರೆ, ಪಕ್ಕದಲ್ಲಿ ಕಾಂಕ್ರೀಟು ಗುದ್ದುತ್ತಾರೆ. ನೆಲ ಅದುರಿದರೆ ಮುಳ್ಳೂ ಅದುರುತ್ತದೆ ಎಂದು ಚಂದ್ರು ಎದುರು ಮನೆಯವರ ಅಡುಗೆಕಟ್ಟೆಗೆ ಹಾಕಿ ಉಳಿದ ಕಡಪ ಕಲ್ಲಿನ ತುಂಡು ಕೇಳಿ ತಂದರು. ಅದರ ನಾಲ್ಕು ಮೂಲೆಗೆ, ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ರಬ್ಬರಿನ ನಾಲ್ಕು ಉಂಡೆ ಕೊಟ್ಟರು. ಪ್ಲೇಯರು ನಾಲ್ಕು ಒಸಡಿನ ಮೇಲೆ ಕೂತ ಹಾಗಿತ್ತು. ಮಟ್ಟ ನೋಡಲು ಮೊಬೈಲನ್ನು ಅದರ ಮೇಲಿಟ್ಟು ಅತ್ತ ಇತ್ತ ಬಗ್ಗಿದರು. ನಾನು ಒಂದು ತಟ್ಟೆಯಲ್ಲಿ ಅಂಚಿನ ತನಕ ನೀರು ಹಾಕಿ ತಂದಿಟ್ಟೆ. ಎಡಕ್ಕೆ ಚೆಲ್ಲಿತು. “ಎಡಗಡೆ ಎತ್ತಿ,” ಎಂದೆ. ಎತ್ತಿದರು.

ಇಷ್ಟೆಲ್ಲ ಆಗಿ ಸ್ವಿಚ್ ಹಾಕಿದರೆ ಹಾಡಿಗಿಂತ ಮೊದಲು ಗುಂಯ್ ಎಂಬ ಸದ್ದು. ಮೂರು ದಿನ ವಯರುಗಳನ್ನು ಕಿತ್ತು ಸಿಕ್ಕಿಸಿದರು. ನಾಲ್ಕನೆಯ ದಿನ ನಾನು ಹಿಂದೆ ಬಗ್ಗಿ ನೋಡಿದೆ. ಸಣ್ಣ ವಯರೊಂದನ್ನು ತುದಿಯ ಪ್ಲಾಸ್ಟಿಕ್ ಕೆರೆಯದೆ ಹಾಗೇ ಸ್ಕ್ರೂ ಕೆಳಗೆ ಸಿಕ್ಕಿಸಿದ್ದರು.

“ಅರ್ತ್ ಸರಿಯಾಗಿ ಕೊಟ್ಟಿಲ್ಲ ನೀವು.”

“ಅದು ಎಂಗೆ ಗೊತ್ತು ನಿಮಗೆ?”

“ನಿಮ್ಮ ಮಾವನೋರ ಅಂಗಡೀಲಿ ನಾನೇನು ಈರುಳ್ಳಿ ಹೆಚ್ತಿದ್ನಾ?”

ನಮ್ಮ ಯಜಮಾನರಿಗೆ ಅಗ್ರಹಾರದಲ್ಲಿ ಒಂದು ಬಾಗಿಲಿನ ಅಂಗಡಿ ಇತ್ತು. ಮೈಕ್ ಸೆಟ್ ಬಾಡಿಗೆಗೆ ಕೊಡುವುದು. ಮದುವೆ, ನಾಮಕರಣ, ಗಣಪತಿ. ಪೆಟ್ಟಿಗೆಯ ಮುಂದೆ ಕೂತು ಮುಳ್ಳು ಇಡುವುದು ಅವರು. ತೆಂಗಿನ ಮರ ಹತ್ತಿ ಹಾರ್ನ್ ಕಟ್ಟುವುದು ಅವರ ತಮ್ಮ ನಂಜುಂಡ. ಪ್ಲೇಟುಗಳ ಉಸ್ತುವಾರಿ ನನ್ನದು. ಗುಂಯ್ ಎಂದರೆ, ಅರ್ತ್ ವಯರು ಕಟ್ಟಿ ನೆಲಕ್ಕೆ ಹೂತ ಕಬ್ಬಿಣದ ಸಲಾಕೆಗೆ ಒಂದು ಚೊಂಬು ನೀರು ಹೊಯ್ಯಬೇಕು. ಊರವರ ಮದುವೆಯಲ್ಲಿ ಹೆಂಗಸರು ಧಾರೆಗೆ ನೀರು ಹೊಯ್ಯುವಾಗ ನಾನು ಸಲಾಕೆಗೆ ಹೊಯ್ಯುತ್ತಿದ್ದೆ.

ಪ್ಲೇಟಿನ ನಡುವಿನ ಕಾಗದದಲ್ಲಿ ಬರೆದಿರುತ್ತಿದ್ದುದು ಹೆಚ್ಚಾಗಿ ಇಂಗ್ಲಿಷು. ನನ್ನನ್ನು ಎರಡನೇ ಕ್ಲಾಸಿಗೆ ಬಿಡಿಸಿದ್ದರು, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದಬೇಕು. ಅದಕ್ಕೆ ನಾನೇ ಒಂದು ಲೆಕ್ಕ ಮಾಡಿಕೊಂಡಿದ್ದೆ. ಕುಂಕುಮ ನಿಲ್ಲಲೆಂದು ಹಣೆಗೆ ಮೊದಲು ಹಚ್ಚುತ್ತೇವಲ್ಲ, ಆ ಮೇಣವನ್ನು ದೀಪದಲ್ಲಿ ಕರಗಿಸಿ, ಕುಂಕುಮ ಕಲಸಿ, ಕಡ್ಡಿಯಲ್ಲಿ ಅದ್ದಿ ಕಾಗದದ ಮೇಲೆ ಬೊಟ್ಟು ಇಡುವುದು. ಒಂದು ಬೊಟ್ಟು ದೇವರ ಹಾಡು. ಎರಡು ಬೊಟ್ಟು ಗಂಡು ಹೆಣ್ಣಿನ ಹಾಡು, ಮದುವೆಗೆ. ಮೂರು ಬೊಟ್ಟು ಊಟ ಬಡಿಸುವಾಗಿನ ಕುಣಿಯುವ ಹಾಡು. ಬೊಟ್ಟೇ ಇಲ್ಲದ್ದು ಗೋಳಿನ ಹಾಡು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಬೊಟ್ಟು ಅಳಿಸಿದರೂ ಪ್ಲೇಟನ್ನು ಬೆಳಕಿಗೆ ಓರೆ ಹಿಡಿದರೆ ನನಗೆ ತಿಳಿಯುತ್ತಿತ್ತು. ತಮಟೆ ಡೋಲು ಜೋರಾಗಿ ಬರುವ ಕಡೆ ಗೆರೆಗಳು ಮಿಂಚುತ್ತವೆ, ಒಬ್ಬಳೇ ಹಾಡುವ ಕಡೆ ಕಪ್ಪಗಿರುತ್ತವೆ. ಯಜಮಾನರಿಗೆ ಅಷ್ಟು ಇಂಗ್ಲಿಷ್ ಬಂದರೂ ಇದು ಬರಲಿಲ್ಲ.

ನಾನು ಜಾಣೆ ಎಂದು ಹೇಳಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. ಒಂದು ಬೇಸಿಗೆ ಪ್ಲೇಟುಗಳಿಗೆಲ್ಲ ಮದುವೆ ಮನೆಯ ಎಣ್ಣೆ ಕೈ ಅಂಟಿದೆ ಎಂದು ಅಂಟುವಾಳದ ನೀರಿನಲ್ಲಿ ತೊಳೆದೆ. ಅಲ್ಲಿಯ ತನಕ ಸರಿ. ಆಮೇಲೆ ತಾರಸಿಯ ಮೇಲೆ ಪಂಚೆ ಹಾಸಿ ಒಂದು ಕಡೆ ಹಪ್ಪಳ, ಒಂದು ಕಡೆ ಪ್ಲೇಟು ಒಣಗಲು ಹಾಕಿದೆ. ಸಂಜೆ ಹೋಗಿ ನೋಡಿದರೆ ಹಪ್ಪಳ ಚಪ್ಪಟೆಯಾಗಿವೆ, ಪ್ಲೇಟುಗಳು ಸುರುಳಿಗೆ ಬಂದಿವೆ. ಯಜಮಾನರು ಒಂದನ್ನು ಎತ್ತಿ ಹಿಡಿದು ನೋಡಿ, “ಎಣ್ಣೆ ಕಾಯಿಸೇ, ಕರಿದೇ ಬುಡೋಣ,” ಎಂದರು. ಕೋಪ ಬಂದರೆ ಕೂಗುವವರಲ್ಲ ಅವರು. ಅವರು ಕೈಯೆತ್ತಿದ್ದನ್ನು ನಾನು ನೋಡಿದ್ದು ಒಂದೇ ಸಲ.

ಅದು ಎರಡು ಬೊಟ್ಟಿನ ಪ್ಲೇಟೊಂದರಿಂದ. ಗಂಡ ಬರುತ್ತಾನೆಂದು ಬಾಗಿಲಲ್ಲಿ ಕಾಯುವ ಹೆಣ್ಣಿನ ಹಾಡು. ಒಂದು ಛತ್ರದಲ್ಲಿ ಮದುವೆ. ಯಜಮಾನರು ಹೊರಗೆ ವಯರು ನೋಡಲು ಹೋಗಿದ್ದರಿಂದ ಪೆಟ್ಟಿಗೆಯ ಮುಂದೆ ನಂಜುಂಡ ಕೂತಿದ್ದ. ಹೆಣ್ಣಿನ ಗೆಳತಿಯರು ಕೇಳಿದರೆಂದು ಆ ಹಾಡು ಹಾಕಿದ. ಹಾಡಿನ ನಡುವೆ “ಬರಲಿಲ್ಲ” ಎಂಬ ಮಾತು ಬರುತ್ತದೆ. ಅಲ್ಲಿ ಮುಳ್ಳು ನಿಂತುಬಿಟ್ಟಿತು. ಬರಲಿಲ್ಲ, ಬರಲಿಲ್ಲ, ಬರಲಿಲ್ಲ ಎಂದು ನಾಲ್ಕು ಹಾರ್ನುಗಳೂ ಬೀದಿಗೆಲ್ಲ ಕೂಗಿದವು. ಅದೇ ಹೊತ್ತಿಗೆ ವಾಲಗದ ಸಮೇತ ಗಂಡಿನ ಕಡೆಯವರು ಬಾಗಿಲಿಗೆ ಬಂದರು. ಗಂಡಿನ ಸೋದರಮಾವ ಪೇಟ ಸರಿಮಾಡಿಕೊಂಡು, “ಯಾರ್ರೀ ಬರಲಿಲ್ಲ? ಇಷ್ಟು ಜನ ನಿಂತಿರೋದು ಕಣ್ಣಿಗೆ ಕಾಣಲ್ವೇನ್ರಿ?” ಎಂದು ಗುಡುಗಿದರು. ನಂಜುಂಡ ಗಾಬರಿಯಲ್ಲಿ ಮುಳ್ಳು ಎತ್ತುವ ಬದಲು ಸೌಂಡು ಜಾಸ್ತಿ ಮಾಡಿದ.

ಯಜಮಾನರು ಓಡಿ ಬಂದು, ಅಷ್ಟು ಜನರ ಮುಂದೆ ತಮ್ಮನ ಕೆನ್ನೆಗೆ ಹೊಡೆದರು.

ಮನೆಗೆ ಬಂದ ಮೇಲೆ ಪ್ಲೇಟನ್ನು ನನ್ನ ಮುಂದೆ ಹಿಡಿದು, ಇದು ಹೇಗಾಯಿತು ಎಂದು ಕೇಳಿದರು. “ನಾನು ಒರೆಸಿ ಕೊಟ್ಟಾಗ ಸರಿಯಾಗಿತ್ತು. ಇವನೇ ಗೀರಿರ್ಬೇಕು,” ಎಂದೆ. ಒಂದೇ ಮಾತು. ನಂಜುಂಡ ತಲೆ ಬಗ್ಗಿಸಿ ನಿಂತಿದ್ದ, ಇಲ್ಲ ಎನ್ನಲಿಲ್ಲ. ನಾಳೆಯಿಂದ ಅಂಗಡಿಗೆ ಬರಬೇಡ ಎಂದರು. ಅವನು ಇಲವಾಲಕ್ಕೆ ಹೋಗಿ ಹುಣಸೂರು ರಸ್ತೆಯ ಪಕ್ಕ ಪಂಕ್ಚರ್ ಅಂಗಡಿ ಹಾಕಿದ. ಹಬ್ಬಕ್ಕೆ, ತಿಥಿಗೆ ಬಂದು ಹೋಗುತ್ತಿದ್ದ. ಯಜಮಾನರು ಹೋದಾಗ ಹೆಗಲೂ ಕೊಟ್ಟ. ಆದರೆ ಮತ್ತೆ ಅಂಗಡಿಯ ಮೆಟ್ಟಿಲು ಮಾತ್ರ ಹತ್ತಲಿಲ್ಲ.

ಆ ಪ್ಲೇಟು ಬಾಡಿಗೆಗೆ ಬಾರದೆ ಮನೆಯಲ್ಲೇ ಉಳಿಯಿತು. ನಾಲ್ಕಾಣೆ ಬಂದದ್ದು ಅದಕ್ಕಾಗಿಯೇ. ಭಾರ ಇಟ್ಟರೆ ಮುಳ್ಳು ಅಲ್ಲಿ ಎರಡು ಸುತ್ತು ಸುತ್ತಿ, ಟಕ್ ಎಂದು ನೆಗೆದು, ಒಂದು ಸಾಲು ಬಿಟ್ಟು ಮುಂದೆ ಹೋಗುತ್ತಿತ್ತು. ಸುಮ ಹಾಡು ಕಲಿತದ್ದೇ ಹಾಗೆ. ಸ್ಕೂಲಿನ ಸ್ಪರ್ಧೆಯಲ್ಲಿ ಎರಡು ಜಡೆ ಹಾಕಿಕೊಂಡು ನಿಂತು “ಬರಲಿಲ್ಲ, ಬರಲಿಲ್ಲ” ಎಂದು, ನಾಲಿಗೆಯಲ್ಲಿ ಟಕ್ ಎನಿಸಿ, ಮುಂದಕ್ಕೆ ಹಾಡಿದಳು. ಮೇಡಂ ಕರೆದು, “ಇದ್ಯಾಕಮ್ಮ ನಡುವೆ ಟಕ್?” ಎಂದರೆ, “ಅದು ಚಿಕ್ಕಪ್ಪ ಗೀರಿದ್ದು ಮಿಸ್,” ಎಂದಳಂತೆ. ನಮ್ಮ ಮನೆಯಲ್ಲಿ ಅದರ ಹೆಸರೇ ಚಿಕ್ಕಪ್ಪ ಗೀರಿದ ಪ್ಲೇಟು.

ಚಂದ್ರುವಿನ ಸೆಟ್ಟು ಸಿದ್ಧವಾದ ಮೇಲೆ ಒಂದು ಭಾನುವಾರ ಎದುರು ಮನೆಯ ಟೈಲ್ಸ್ ಮಿಷನ್ನು ಊಟಕ್ಕೆ ನಿಂತಾಗ ಕೂತು ಕೇಳಿದೆವು. ಸುಳ್ಳು ಹೇಳಬಾರದು, ವ್ಯತ್ಯಾಸ ಇತ್ತು. ಹಾಡುವವಳು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಅಷ್ಟು ವರ್ಷ ತಮಟೆ ಎಂದುಕೊಂಡಿದ್ದದ್ದು ತಬಲವಾಗಿತ್ತು. ನಾವು ಹಾಕಿ ಹಾಕಿ ಸವೆಸಿದ್ದ ಮೂರು ಬೊಟ್ಟಿನವು ಒಗ್ಗರಣೆಯ ಹಾಗೆ ಚಟಪಟ ಎನ್ನುತ್ತಿದ್ದರೆ, ಯಾರೂ ಕೇಳದೆ ಬಿದ್ದಿದ್ದ ಗೋಳಿನ ಹಾಡುಗಳು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಕಾಲು ಚಾಚಿ ಕೂತು ಎರಡು ಗೋಳು ಕೇಳಿದೆ. ಹಿತವಾಗಿತ್ತು.

ಆಮೇಲೆ ಚಿಕ್ಕಪ್ಪ ಗೀರಿದ ಪ್ಲೇಟು ಹಾಕಿದರು. ನಾಲ್ಕಾಣೆ ಇಲ್ಲವಲ್ಲ, ಮುಳ್ಳು ಹಳೆಯ ಜಾಗದಲ್ಲೇ ನಿಂತಿತು. ಬರಲಿಲ್ಲ, ಬರಲಿಲ್ಲ.

ಚಂದ್ರು ಕೆಲಸದಲ್ಲಿ ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ಪ್ಲೇಟಿನ ಮೇಲೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

“ಅತ್ತೆ, ಗೀರು ಎಲ್ಲಿದೆ?”

“ಅಲ್ಲೇ ಇರುತ್ತೆ ನೋಡಿ. ಸಣ್ಣದು.”

“ನಾನು ಹಲ್ಲಲ್ಲಿ ಕೂದಲ ಬಿರುಕು ಹುಡುಕೋನು. ಗೀರಿಲ್ಲ ಇದ್ರಲ್ಲಿ. ಏನೋ ಕೂತಿದೆ.”

ಬೆಚ್ಚಗಿನ ಸೋಪು ನೀರಿನಲ್ಲಿ ಹತ್ತಿ ಅದ್ದಿ ಒತ್ತಿದರು. ಮರದ ಹಲ್ಲುಕಡ್ಡಿಯನ್ನು ಚೂಪು ಮಾಡಿ ಮೆಲ್ಲಗೆ ಮೀಟಿದರು. ಅರ್ಧ ಸಾಸಿವೆಕಾಳಿನಷ್ಟು ಕರಿ ಕಸ ಎದ್ದು ಬಂತು. ಅದನ್ನು ಬಿಳಿ ಕಾಗದದ ಮೇಲಿಟ್ಟು ಉಗುರಿನಿಂದ ಒತ್ತಿ ಎಳೆದರು. ಕೆಂಪು ಗೆರೆ ಬಿತ್ತು.

“ಇದೇನಿದು, ಕೆಂಪು?” ಎಂದರು.

ನನಗೆ ಮೂಸಿ ನೋಡುವ ಅಗತ್ಯ ಇರಲಿಲ್ಲ. ಮೇಣ. ಬೊಟ್ಟು ಇಡುವಾಗ ಕಡ್ಡಿಯಿಂದ ಒಂದು ಹನಿ ಹೊರಗೆ ಬಿದ್ದಿದೆ, ಗೆರೆಯೊಳಗೆ ಇಳಿದಿದೆ, ಮೇಲೆ ಧೂಳು ಕೂತು ಕರ್ರಗಾಗಿದೆ. ಅದು ಯಾವ ದಿನ ಬಿತ್ತು ಎಂಬುದು ನನಗೆ ನೆನಪಿಲ್ಲ. ನೆನಪಿದೆ ಎಂದರೆ ಸುಳ್ಳಾಗುತ್ತದೆ. ಆಗ ಸುಮ ಕಂಕುಳಲ್ಲಿ, ಒಲೆಯ ಮೇಲೆ ಅನ್ನ, ಬಾಗಿಲಲ್ಲಿ ಪೆಟ್ಟಿಗೆಗೆ ಕಾಯುವವರು. ಆದರೆ ಮೇಣ ನನ್ನದು, ಕಡ್ಡಿ ನನ್ನದು. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಚಂದ್ರು ಪ್ಲೇಟು ಒರೆಸಿ ಮತ್ತೆ ಹಾಕಿದರು. ಹಾಡುವವಳು “ಬರಲಿಲ್ಲ” ಎಂದು ಒಂದೇ ಸಲ ಹೇಳಿ, ಮುಂದಿನ ಸಾಲಿಗೆ ಹೋದಳು. ಅವಳು ಕಾಯುತ್ತಿದ್ದ ಗಂಡ ಹಿತ್ತಲ ಬಾಗಿಲಿನಿಂದ ಬಂದು ಒಳಗೇ ಕೂತಿದ್ದನಂತೆ, ಮುಳ್ಳು ಇಷ್ಟು ವರ್ಷ ಹಾರಿಸುತ್ತಿದ್ದ ಸಾಲು ಅದು. ಸುಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಚಂದ್ರು ನನ್ನ ಮುಖ ನೋಡಿದರು, ಶಭಾಷ್ ಹೇಳಲಿ ಎಂದು.

“ಇಲವಾಲಕ್ಕೆ ಹೋಗ್ಬೇಕು,” ಎಂದೆ.

ಸುಮ, “ಬುಡಮ್ಮ, ಯಾವ ಕಾಲದ್ದು! ಚಿಕ್ಕಪ್ಪನಿಗೆ ನೆನಪೂ ಇರಲ್ಲ,” ಎಂದಳು.

“ಏಟು ತಿಂದೋನಿಗೆ ನೆನಪಿರುತ್ತೆ.”

ಮುಂದಿನ ಭಾನುವಾರ ಚಂದ್ರು ಕಾರಿನಲ್ಲಿ ಕರೆದುಕೊಂಡು ಹೋದರು. ಪ್ಲೇಟು ನನ್ನ ಮಡಿಲಲ್ಲಿತ್ತು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ, ಇಲವಾಲ ಬರುವಷ್ಟರಲ್ಲಿ ಎಲ್ಲ ಕಲಸಿಹೋಯಿತು. ನಂಜುಂಡ ಅಂಗಡಿಯ ಮುಂದೆ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ತಲೆ ಪೂರಾ ಬೆಳ್ಳಗಾಗಿದೆ. “ಅತ್ಗೆ ಬಂದ್ರು ಕಣೇ!” ಎಂದು ಕೂಗಿ, ಕೈ ಒರೆಸಿಕೊಂಡು, ಹಿಂದಿನ ಮನೆಗೆ ಕರೆದುಕೊಂಡು ಹೋದ.

ಅವನ ಹೆಂಡತಿ ರತ್ನ ಕಾಫಿ ತಂದಳು. ನನಗೆ, ಚಂದ್ರುವಿಗೆ ಗಾಜಿನ ಲೋಟ, ನಂಜುಂಡನಿಗೆ ಸ್ಟೀಲಿನದು. ನಾನು ಹೋದಾಗಲೆಲ್ಲ ಹೀಗೇ ಇತ್ತು, ಕೇಳಬೇಕೆಂದು ಎಂದೂ ಅನ್ನಿಸಿರಲಿಲ್ಲ. ಅಂದು ಕೇಳಿದೆ.

“ಅವ್ರ ಕೈಗೆ ಗಾಜು ಕೊಡಲ್ಲ ಅಕ್ಕ,” ಎಂದು ರತ್ನ ನಕ್ಕಳು. “ಮದ್ವೆಯಾಗಿ ಬಂದ ದಿನಾನೇ ಅತ್ತೆ ಹೇಳಿದ್ರು, ಪ್ಲೇಟ್ ಗೀರಿದ ಕೈ ಕಣಮ್ಮ, ಉಸಾರು ಅಂತ.” ನಗುತ್ತಲೇ ಒಲೆಯ ಕಡೆ ಹೋದಳು.

ನಮ್ಮಿಬ್ಬರ ಅತ್ತೆಗೆ ಅದನ್ನು ಹೇಳಿದವಳು ಯಾರು? ನಾನೇ.

“ನಂಜುಂಡ, ಆ ಪ್ಲೇಟು ನೀನು ಗೀರಿದ್ದಲ್ಲ.”

“ಯಾವ ಪ್ಲೇಟು ಅತ್ಗೆ?”

“ನಾಟಕ ಆಡ್ಬೇಡ. ಛತ್ರದಲ್ಲಿ ನಿಂತಿದ್ದು.”

ಅವನು ಜೋರಾಗಿ ನಕ್ಕ. “ಅಂಗಂದ್ರೆ ಎಂಗೆ? ನಾನೇ ಗೀರಿದ್ದು. ಆ ಮದ್ವೆಗೆ ಒಂದಿನ ಮುಂಚೆ ಸೈಕಲ್ ಮೇಲಿಂದ ಪ್ಲೇಟಿನ ಪೆಟ್ಟಿಗೆ ಜಾರಿತ್ತು, ಯಾರಿಗೂ ಏಳಿರ್ಲಿಲ್ಲ. ಅಣ್ಣ ಕೆನ್ನೆಗೆ ಒಡೆದಾಗ ಸರ್ಯಾಗೇ ಒಡೆದ ಅಂದ್ಕೊಂಡೆ.”

“ಗೀರೇ ಇಲ್ಲ ಕಣೋ ಅದ್ರಲ್ಲಿ. ನಾನು ಬೊಟ್ಟು ಇಡುವಾಗ ಮೇಣ ಬಿದ್ದಿತ್ತು. ಅದು ಸಾಲ್ದು ಅಂತ ನಿಮ್ಮಣ್ಣನ ಮುಂದೆ ನೀನೇ ಗೀರಿದ್ದು ಅಂದಿದ್ದೂ ನಾನೇ.”

“ಇಲ್ಲ ಬುಡಿ ಅತ್ಗೆ, ನನ್ನದೇ...”

“ಚಂದ್ರು, ನೀವೇ ಹೇಳಿ ಅವನಿಗೆ.”

ಚಂದ್ರು ಹೇಳಿದರು. ಭೂತಗನ್ನಡಿ, ಹಲ್ಲುಕಡ್ಡಿ, ಕೆಂಪು ಗೆರೆ ಎಲ್ಲ. ನಂಜುಂಡ ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಬೆರಳು ಗೆರೆಗೆ ತಾಗದ ಹಾಗೆ, ಎಷ್ಟು ಜೋಪಾನವಾಗಿ ಹಿಡಿದಿದ್ದ ಎಂದರೆ, ನೋಡಲಾರದೆ ನಾನು ಮುಖ ಬೇರೆ ಕಡೆ ತಿರುಗಿಸಿದೆ.

“ಅಂಗಾದ್ರೆ ಅಣ್ಣ ಸುಮ್‌ಸುಮ್ಕೆ ಒಡೆದ,” ಎಂದ.

“ಹೂಂ. ಸುಮ್ಮಸುಮ್ಮನೆ. ಅವರಿಗೆ ಹೇಳೋಣ ಅಂದ್ರೆ ಅವರಿಲ್ಲ. ಬೈಯೋದಿದ್ರೆ ನನ್ನ ಬೈದುಬುಡು.”

ಅವನು ಬೈಯಲಿಲ್ಲ. ತೊಟ್ಟಿಯಲ್ಲಿ ಗುಳ್ಳೆ ಹುಡುಕುವವನ ಹಾಗೆ ಪ್ಲೇಟನ್ನು ಇನ್ನೊಮ್ಮೆ ಬಗ್ಗಿ ನೋಡಿ, ಮೆಲ್ಲಗೆ ಚಂದ್ರುವಿನ ಕೈಗೆ ಕೊಟ್ಟ. ಆಮೇಲೆ ಒಲೆಯ ಕಡೆಗೊಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದ.

“ನಂಗೇಳಿ ಏನು ಬಂತು ಅತ್ಗೆ? ಅವ್ಳಿಗೇಳಿ.”

ನಾನು ಎದ್ದೆ. ಮಂಡಿ ಹಿಡಿದಿತ್ತು, 'ಕೂತ್ಕೊಳ್ಳಿ ಅತ್ತೆ, ಇಲ್ಲಿಗೇ ಕರೀತೀನಿ' ಎಂದ ಚಂದ್ರುವಿನ ಮಾತು ಕೇಳದೆ ಅಡುಗೆ ಮನೆಯ ಬಾಗಿಲ ತನಕ ಹೋದೆ. ರತ್ನ ಅವರೆಕಾಯಿ ಸುಲಿಯುತ್ತಿದ್ದಳು. ಮತ್ತೆ ಮೊದಲಿನಿಂದ ಹೇಳಿದೆ, ಒಂದೂ ಬಿಡದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಗಂಡಸಿನ ಮುಂದೆ ತಪ್ಪು ಒಪ್ಪಿಕೊಳ್ಳಬಹುದು, ವಾರಗಿತ್ತಿಯ ಮುಂದೆ ನಾಲಿಗೆ ಒಣಗುತ್ತದೆ.

ರತ್ನ ಕೈಯಲ್ಲಿದ್ದ ಅವರೆಕಾಯನ್ನು ಸುಲಿದು ಮುಗಿಸಿದಳು. “ಅಲ್ಲ ಅಕ್ಕ, ಅದು ನೀವೇ ಅಂತ್ಲೇ ಇಟ್ಕೊಳ್ಳಿ. ಓದ್ ವರ್ಷ ಟ್ಯೂಬ್‌ಲೈಟ್ ಒಡೆದಿದ್ದು?”

“ಅದು ಸ್ಟೂಲ್ ಅಲ್ಲಾಡ್ತು!” ಎಂದು ನಂಜುಂಡ ಹೊರಗಿನಿಂದ ಕೂಗಿದ.

“ಅದು ಅವನದೇ ಇರ್ಬಹುದು,” ಎಂದೆ. “ನನ್ನ ಪಾಲಿಂದು ನಾನು ಹೇಳ್ದೆ.”

ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಗೂಡಿನಿಂದ ಇನ್ನೊಂದು ಗಾಜಿನ ಲೋಟ ತೆಗೆದು ತೊಳೆದಳು. ಹೊರಗೆ ಹೋಗಿ, ಗಂಡನ ಕೈಯಿಂದ ಸ್ಟೀಲ್ ಲೋಟ ತೆಗೆದುಕೊಂಡು, ಆರಿದ್ದ ಕಾಫಿಯನ್ನು ಗಾಜಿಗೆ ಬಗ್ಗಿಸಿ ಅವನ ಮುಂದೆ ಹಿಡಿದಳು. ನಂಜುಂಡ ಎರಡೂ ಕೈಯಲ್ಲಿ ಇಸಿದುಕೊಂಡ. ನಾವು ಮೂವರೂ ಅವನನ್ನೇ ನೋಡುತ್ತಿದ್ದೆವು. ಒಂದು ಗುಟುಕು ಕುಡಿದು, ಲೋಟವನ್ನು ಎತ್ತಿ ಹಿಡಿದು, ಸ್ಟೀಲ್ ಲೋಟದಲ್ಲಿ ಇನ್ನೂ ಉಳಿದಿದ್ದುದನ್ನು ನೋಡಿದ.

“ಇದ್ರಲ್ಲಿ ಕಮ್ಮಿ ಇಡೀತದೆ ಕಣೇ,” ಎಂದ. “ಅದ್ನೂ ಬಗ್ಸು.”

ರತ್ನ ಅಂಚಿನ ತನಕ ಬಗ್ಗಿಸಿದಳು.